ಶ್ರಾವಣದ ಸಮೀಕ್ಷೆ

“ಕೇರ್ಯಾಗ ಎಂಎಸ್ಸಿ ಓದಿದ ಮಹಾರಾಣಿ ನೀ ಒಬ್ಬಾಕೀನ. ಎದ್ದು ಬಾರಬೇ, ವರದಿಗೆ ನಿನ್ನ ಸಹಿ ಬೇಕಂತ ಸಾಹೇಬ್ರು ಕಾಯಾಕತ್ತಾರ!”

ಗಂಡನ ಮೂರು ದಿನದ ಕಾರ್ಯ ಮುಗಿದು ಒಲೆ ಹೊತ್ತಿಸಿದ ಮೊದಲ ಬೆಳಗು. ಮರೆತು ಅವನ ಪಾಲಿನ ಹಿಟ್ಟನ್ನೂ ಕಲಸಿದ್ದೆ. ಸಕ್ಕರೆ ಕಾರ್ಖಾನೆಯ ಕಾರಕೂನ ಗುರುಪಾದ ಮೋಟರ್‌ಸೈಕಲ್ಲಿನಿಂದ ಇಳಿಯದೆ ಕೂಗುತ್ತಿದ್ದ. ಅದೇ ಕಾರ್ಖಾನೆಯ ಹೊಲಸು ನೀರಿನ ಟಾಕಿ ಬಳಿಯಲು ಇಳಿದ ನನ್ನ ಗಂಡ ಹನಮಂತ ಮೇಲೆ ಬರಲಿಲ್ಲ.

ಅತ್ತೆ ಸಾತವ್ವ ಬಾಗಿಲಿಗೆ ಬಂದರು. “ಮಗನ್ನ ನುಂಗಿದ್ರಿ. ಸೊಸಿ ಸಹಿನೂ ಬೇಕೇನೋ, ಭಾಡ್ಯಾ?”

ಕಾರ್ಖಾನೆ ದೊಡ್ಡದಾಗಲಿದೆ. ಅದರಿಂದ ಹಳ್ಳಕ್ಕೆ ಏನಾದೀತೆಂದು ಸಮೀಕ್ಷೆ. ಹೋದ ಶ್ರಾವಣದಲ್ಲಿ, ಕಾರ್ಖಾನೆ ನಿಂತು ಹಳ್ಳ ತುಂಬಿದ್ದಾಗ ಬಂದವರು ಮೂರು ಬಾಟಲಿ ನೀರು ಒಯ್ದಿದ್ದರು. ಕಬ್ಬು ಅರೆಯುವ ಕಾಲಕ್ಕೆ ಬರಲಿಲ್ಲ. ಆಗ ಹಳ್ಳ ಬತ್ತಿ, ಕಾರ್ಖಾನೆ ಬಿಟ್ಟ ಹೊಲಸು ನೀರಷ್ಟೇ ಅದರಲ್ಲಿ ಹರಿಯುತ್ತದೆ. ನಳವಿಲ್ಲದ ನಮ್ಮ ಕೇರಿ ಹಳ್ಳದ ಮರಳು ಬಗೆದು, ಆ ಗುಂಡಿಯಲ್ಲಿ ಒಸರುವ ವರ್ತಿಯ ನೀರು ಕುಡಿಯುತ್ತದೆ. ಈ ವರದಿ ಮುಗಿದರೆ ಆ ನೀರನ್ನು ಇನ್ನು ಯಾರೂ ನೋಡುವುದಿಲ್ಲ.

ಬಸ್ಸು ಹಿಡಿದು ಹೋದೆ.

ಮೂಡಲಗಿಯ ಸರ್ಕಾರಿ ಬಂಗಲೆ ಐಬಿಯಲ್ಲಿ ಸಮೀಕ್ಷೆಯ ಸಾಹೇಬರು ಅವಲಕ್ಕಿ ತಿನ್ನುತ್ತಿದ್ದರು. ಇನ್ನೊಂದು ಕುರ್ಚಿಯಲ್ಲಿ ಅವರ ಚೀಲವಿತ್ತು. ಗುರುಪಾದ ತಂದುಕೊಟ್ಟ ವರದಿಯನ್ನು ಬಾಗಿಲಲ್ಲಿ ನಿಂತೇ ಓದಿದೆ: ‘ಪರಿಣಾಮ ನಗಣ್ಯ. ವಿವರವಾದ ಅಧ್ಯಯನ ಅಗತ್ಯವಿಲ್ಲ. ಗ್ರಾಮಸ್ಥರನ್ನು ಕೇಳಲಾಗಿದೆ.’ ಕೆಳಗೆ ನನ್ನ ಹೆಸರು ಟೈಪಾಗಿತ್ತು.

“ವರ್ಷಪೂರ್ತಿ ನೋಡ್ರಿ ಸಾಹೇಬ್ರ. ಬ್ಯಾಸಗಿನೂ ನೋಡ್ರಿ.”

“ಮೊದಲನೇ ಹಂತದಾಗ ಏನರೆ ಸಿಗಬೇಕಲ್ಲವಾ? ಸಿಕ್ಕರ ಎರಡನೇದು.”

“ಶ್ರಾವಣದಾಗ ಹುಡುಕಿದ್ರ ಹೆಂಗ ಸಿಗತೈತ್ರಿ? ನಾವು ಕುಡಿಯೂ ವರ್ತಿ ನೋಡ್ರಿ.”

“ವರದಿ ಫಾರ್ಮಿನಾಗ ಬಾವಿ ಐತಿ, ಬೋರ್ ಐತಿ. ವರ್ತಿ ಇಲ್ಲ.”

ಗುರುಪಾದ ನಕ್ಕ. “ನಾಯಿನೂ ಮರಳ ಕೆದರತಾವ್ರಿ. ಅದನ್ನೂ ಬರಿಯೂಣೇನ್ರಿ?”

ಸಾಹೇಬರೂ ನಕ್ಕು ಪೆನ್ನು ಚಾಚಿದರು.

ನಾನು ಚೀಲದಿಂದ ಬಾಟಲಿ ತೆಗೆದೆ. ಹೋದ ವರ್ಷ ಹನಮಂತ ಅವರ ಜೀಪಿನಿಂದ ಕಡ ಇಸಿದುಕೊಂಡಿದ್ದು. ಫಾಲ್ಗುಣದಲ್ಲಿ ವರ್ತಿಗಿಳಿದು ತುಂಬಿದ್ದ. ನೀರು ಕಾಕಂಬಿಯ ಬಣ್ಣಕ್ಕಿತ್ತು.

“ನಮ್ಮ ಮನಿಯವ್ರು ಕಡಾ ತಂದಿದ್ರು. ತಗೋರಿ.”

“ಇದು ನಮ್ಮ ಸ್ಯಾಂಪಲ್ ಅಲ್ಲ. ಹೊರಗ ಚೆಲ್ಲಿ, ತೊಳದು ಕೊಡು.”

ಹೊರಗೆ ಬಾವಿಯಿತ್ತು. ಅದರ ಸುತ್ತ ಕೋಳಿಗಳು ಮೇಯುತ್ತಿದ್ದವು.

“ಎಲ್ಲಿ ಚೆಲ್ಲಿದ್ರ ಯಾರಿಗೂ ಏನೂ ಆಗೂದಿಲ್ಲ, ಆ ಜಾಗಾ ತೋರಸ್ರಿ. ಅಲ್ಲೇ ಚೆಲ್ಲತೇನಿ.”

ಸಾಹೇಬರು ಕಿಟಕಿಯಾಚೆಯ ಬಾವಿಯತ್ತ ನೋಡಿದರು.

ಸಹಿಯಿಲ್ಲದ ವರದಿಯನ್ನು ಮೇಜಿಗೆ ಹಾಕಿ, ಅದರ ಮೇಲೆ ಬಾಟಲಿ ಇಟ್ಟು ಮೆಟ್ಟಿಲಿಳಿದೆ. ಹಿಂದಿನಿಂದ ಗುರುಪಾದ ಕೂಗಿದ:

“ಏ, ಮುಚ್ಚಳಾ ಸೋರಾಕತ್ತೈತಿ!”