ಮಡಕಿ ಕಾಳಿನ ಗಂಟು

ಸೋಮವಾರ ಬೆಳಿಗ್ಗೆ ಕಮಲಾಪುರದ ಬಸ್ಸಿಳಿದು, ಒದ್ದೆ ಬಟ್ಟೆಯ ಗಂಟೊಂದನ್ನು ಸೆರಗಿನಡಿ ಅವುಚಿಕೊಂಡು ಪುತಳಾಬಾಯಿ ಹಾಸ್ಟೆಲಿನ ಅಡುಗೆಮನೆಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಬರಿಗೋಡೆ. ಒಲೆಯ ಪಕ್ಕದ ಗೂಟವನ್ನು ಯಾರೋ ಕಿತ್ತಿದ್ದರು. ಶನಿವಾರ ಊರಿಗೆ ಹೊರಡುವಾಗ ಮೊಳಕೆ ಬರಲೆಂದು ಅದಕ್ಕೆ ತೂಗುಹಾಕಿ ಹೋಗಿದ್ದ ಐದು ಸೇರು ಮಡಕಿ ಕಾಳಿನ ಗಂಟೂ ಇರಲಿಲ್ಲ.

"ನನ್ನ ಕಾಳೆಲ್ಲಿ?"

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅಡುಗೆಯ ಸಹಾಯಕಿ ನೂರಜಹಾನ್ ತಲೆಯೆತ್ತಲಿಲ್ಲ. "ಹೊಸ ಮ್ಯಾನೇಜರ್ ಸಾಹೇಬ್ರು ಗೂಟ ಕಿತ್ತು, ಕಾಳು ಚೆಲ್ಲಿಸ್ಯಾರ, ಅಕ್ಕಾ. ಗಂಟು ಬಿಚ್ಚಿ ನೋಡಿ, ಹುಳ ಬಿದ್ದಾವ ಅಂದ್ರು."

"ಹುಳ?"

"ಬೆಳ್ಳಗ ಬಾಲ ಬಂದಿದ್ವಲ್ಲ, ಅದಕ್ಕ."

"ನೀ ಹೇಳಬಾರದಿತ್ತೇನ?"

"ಹೇಳ್ದೆ. ನಿನಗೇನು ಗೊತ್ತದ ಅಂದ್ರು. ಗೋದಾಮಿನ ಕಾಳು ತೆಗಿಸಿ, ಕುಕ್ಕರಿಗೆ ಸೋಡಾ ಹಾಕಿ ಕೂಗಿಸಿದ್ರು. ಸಬಾ ನಿನ್ನೆ ಸಂಜೀಗೆ ಹೊಟ್ಟಿ ಹಿಡ್ಕೊಂಡು ಮಲಗ್ಯಾಳ."

ಪುತಳಾಬಾಯಿಯ ಮೈಯೆಲ್ಲ ಉರಿದುಹೋಯಿತು. ಹತ್ತು ವರ್ಷಗಳಿಂದ ಈ ಹೆಣ್ಣುಮಕ್ಕಳಿಗೆ ಅವಳು ಒಣ ಕಾಳನ್ನು ಹಾಗೆಯೇ ಬೇಯಿಸಿ ಬಡಿಸಿದವಳಲ್ಲ. ಇರುಳೆಲ್ಲ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ತೊಳೆದು, ಗಂಟು ಕಟ್ಟಿ, ಮೊಳಕೆಯೊಡೆದ ಮೇಲಷ್ಟೇ ಒಲೆಗೇರಿಸುವಳು. ಇಳಿಸಿದ ಮೇಲೆ ನಿಂಬೆ ಹಿಂಡುವಳು. ಉಂಡದ್ದರ ಸತ್ವ ಮೈಗೆ ಹತ್ತದೆಂದು, ಊಟದ ಬೆನ್ನಿಗೆ ಚಹಾ ಕೇಳಿದವರಿಗೆ ಬೈಗುಳ ತಪ್ಪದು. ಸಬಾಳ ಮೈಯಲ್ಲಿ ರಕ್ತ ಕಡಿಮೆಯೆಂದು ತಿಳಿದಾಗಿನಿಂದ ಅವಳ ತಟ್ಟೆಯ ಮೇಲೆ ಎರಡು ಕಣ್ಣಿಟ್ಟಿದ್ದಳು. ಬರುವ ತಿಂಗಳು ಮತ್ತೆ ರಕ್ತ ಪರೀಕ್ಷೆ. ಆಗಲೂ ಏರದಿದ್ದರೆ ಓದು ಬಿಡಿಸಿ ಕರೆದೊಯ್ಯುವೆನೆಂದು ತಂದೆ ಗುಲಾಮ್ ರಸೂಲ್ ಹೇಳಿಹೋಗಿದ್ದ. "ಮಾತ್ರಿ ಡಾಕ್ಟರದು, ಊಟ ನಂದು" ಎಂದು ಅವನಿಗೆ ಮಾತು ಕೊಟ್ಟವಳು ಇದೇ ಪುತಳಾಬಾಯಿ.

ಅಷ್ಟರಲ್ಲಿ ಮ್ಯಾನೇಜರ್ ಕುನಾಲನೇ ಬಂದ. "ಪುತಳಾಬಾಯಿ, ಇನ್ನ ಮ್ಯಾಲ ಅಡಿಗಿ ಮನ್ಯಾಗ ಒದ್ದಿ ಬಟ್ಟಿ ತೂಗುಹಾಕೂದು ಬಂದ್. ಕುಕ್ಕರ್ ಅದ, ಸೋಡಾ ಅದ, ಅರ್ಧ ತಾಸಿನ್ಯಾಗ ಮುಗೀತದ."

"ಮುಗೀತದ್ರಿ ಸಾಹೇಬ್ರ, ಹುಡುಗ್ಯಾರ ಹೊಟ್ಟಿ ಮುಗೀತದ! ಅಂಗೈ ಹಿಡೀರಿ."

"ಯಾಕ?"

"ಹಿಡೀರಂದ್ರ ಹಿಡೀರಿ."

ಚಾಚಿದ ಅಂಗೈಯ ಮೇಲೆ ಅವಳು ಊರಿನಿಂದ ತಂದ ಗಂಟನ್ನು ಇಟ್ಟಳು. ಕುನಾಲ ಬೆಚ್ಚಿದ.

"ಬಿಸಿ ಅದಲ್ಲ! ಬಿಸಲಾಗ ಇಟ್ಟಿದ್ರೇನು?"

"ಸೆರಗಿನ್ಯಾಗ ತಂದೀನ್ರಿ. ಒದ್ದಿ ಬಟ್ಟಿ ತಣ್ಣಗಿರಬೇಕು, ಹೌದಿಲ್ಲ? ಕಾಳು ಒಳಗ ಉಸಿರಾಡಾಕತ್ತಾವ, ಅದಕ್ಕ ಬೆಚ್ಚಗದ. ಇಂಥಾ ಐದು ಸೇರು ತಿಪ್ಪಿಗಿ ಹಾಕೀರಿ ನೀವು." ಗಂಟು ಬಿಚ್ಚಿ, ಉದ್ದನೆಯ ಬಿಳಿ ಮೊಳಕೆಯ ನಾಲ್ಕು ಕಾಳು ತೆಗೆದು ಮೂಗಿನ ಕೆಳಗೇ ಹಿಡಿದಳು. "ತಿನ್ರಿ ನಿಮ್ಮ ಹುಳ."

ನೂರಜಹಾನ್ ಕಿಸಕ್ಕನೆ ನಕ್ಕು, ಉಳ್ಳಾಗಡ್ಡಿಯ ನೆವದಲ್ಲಿ ಕಣ್ಣೊರೆಸಿಕೊಂಡಳು. ಕುನಾಲ ಅಗಿದ. ಮತ್ತೊಮ್ಮೆ ಅಗಿದ. "ಸೀ ಅದ" ಎಂದ, ಸಣ್ಣ ದನಿಯಲ್ಲಿ.

ಬಾಗಿಲಲ್ಲಿ ಸಬಾ ಬಂದು ನಿಂತಿದ್ದಳು, ಕೈಯಲ್ಲಿ ಖಾಲಿ ತಟ್ಟೆ. "ಸೋಡಾದ್ದಿದ್ರ ನಂಗ ಬ್ಯಾಡ, ಮೌಶಿ. ಕಾಳೇ ಬ್ಯಾಡ ಇನ್ನ."

ಆ ಮಾತು ಪುತಳಾಬಾಯಿಗೆ ಕಪಾಳಕ್ಕೆ ಬಿದ್ದಂತಾಯಿತು. "ಕೇಳಿದ್ರಿಲ್ಲ ಸಾಹೇಬ್ರ? ಎರಡು ತಿಂಗಳು ಬೇಡಿಕೊಂಡು ತಿನ್ನಿಸಿದ್ದೆ. ಒಂದ ದಿನದಾಗ ಬಿಡಿಸೀರಿ. ಗೂಟ ಗ್ವಾಡಿಗಿ ಹತ್ತೂತನ ನಾ ಒಲಿ ಹೊತ್ತಸಂಗಿಲ್ಲ. ನೂರು ಹುಡುಗ್ಯಾರಿಗಿ ನೀವೇ ಜವಾಬು ಹೇಳ್ರಿ."

ಕುನಾಲ ಹೊರಗೆ ಯಾರನ್ನೋ ಕೂಗಲು ಬಾಯಿ ತೆರೆದ.

"ಯಾರನ್ನೂ ಕರೀಬ್ಯಾಡ್ರಿ. ಕಿತ್ತವರು ನೀವು, ಬಡಿಯೋರೂ ನೀವ."

ಅಂಗಿಯ ತೋಳು ಮಡಚಿ, ರುಬ್ಬುವ ಗುಂಡುಕಲ್ಲು ಹಿಡಿದು, ಕಿತ್ತಿದ್ದ ಗೂಟವನ್ನು ಅವನು ಮತ್ತೆ ಗೋಡೆಗೆ ಬಡಿದ. ಸಬಾ ತಟ್ಟೆ ಕೆಳಗಿಟ್ಟು ನೋಡುತ್ತ ನಿಂತಳು. ಪುತಳಾಬಾಯಿ ಗೂಟವನ್ನೊಮ್ಮೆ ಜಗ್ಗಿ ನೋಡಿ ತಲೆಯಾಡಿಸಿದಳು.

"ಅಳ್ಳಾಡ್ತದ. ಐದು ಸೇರು ತಡ್ಯಂಗಿಲ್ಲ. ಇನ್ನೊಮ್ಮೆ ಬಡೀರಿ."