ಒಂದೇ ಹಾಳೆಯ ಮೇಲೆ ಊರು

ಕೆಂಪು ಒಣಗುತ್ತಿದೆ, ಒದ್ದೆಯಿದ್ದಾಗ ಮಿರಿಮಿರಿ ಮಿಂಚಿದ್ದು ಈಗ ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ, ಇಳಿಯಲಿ, ನೀಲಿ ಬೇರೆ ಕೆಂಪು ಬೇರೆ ಎಂದು ಮಾರು ದೂರದಿಂದ ಗೊತ್ತಾದರೆ ಸಾಕು — ಡಾಕ್ಟರ್ ಖಾದರಬಾಷಾ ಸಾಹೇಬರಿಗೆ ಕನ್ನಡಕ ಮರೆಯುವ ಚಟ, ಲಿಂಗಸುಗೂರಿನಿಂದ ಟಾಂಗಾದಲ್ಲಿ ಬರುವಷ್ಟರಲ್ಲಿ ಇನ್ನೇನೇನು ಮರೆತಿರುತ್ತಾರೋ, ಈ ಹಾಳೆಯನ್ನು ನೋಡಿದ ಮೇಲೆ ಇದನ್ನು ಮಾತ್ರ ಮರೆಯಲಾರರು. ಹೋದ ಸಲ ಅವರೇ ಅಂದದ್ದು, ಅಯ್ಯಪ್ಪ, ಇಷ್ಟುದ್ದ ಪಟ್ಟಿ ಓದಾಕ ನನಗ ಪುರಸತ್ತಿಲ್ಲಪಾ, ಯಾರಿಗೆ ನಾರುಹುಣ್ಣು ಎದ್ದೈತಿ, ಯಾವ ಬಾವಿ ನೀರು, ಯಾವ ತಿಂಗಳು, ಎಲ್ಲಾ ಒಂದ ಕಾಗದದಾಗ ಕಾಣಂಗ ಬರಿ. ಬರೆದಿದ್ದೇನೆ ಸಾಹೇಬರೇ, ತಹಸೀಲು ಕಚೇರಿಯಲ್ಲಿ ಹೊಲದ ನಕ್ಷೆಗಳನ್ನು ನಕಲು ಮಾಡಿ ಮಾಡಿ ಪಳಗಿದ ಕೈ ಇದು, ನಿಮ್ಮಂಥವರು ಹತ್ತು ಜನ ಬಂದರೂ ಹೆದರುವುದಿಲ್ಲ. ಮನೆಗಳು ಇದ್ದಲ್ಲೇ ಇವೆ, ಒಬ್ಬೊಬ್ಬರಿಗೂ ಒಂದು ಸುತ್ತು, ದೊಡ್ಡವರಿಗೆ ದೊಡ್ಡದು, ಮಕ್ಕಳಿಗೆ ಸಣ್ಣದು, ಒಳಗೆ ಅವರು ಕುಡಿದ ಬಾವಿಯ ಬಣ್ಣ, ಮೆಟ್ಟಿಲ ಬಾವಿಗೆ ಕೆಂಪು, ಸೇದುವ ಬಾವಿಗೆ ನೀಲಿ, ಹುಣ್ಣೊಡೆದ ತಿಂಗಳ ಕಡೆಗೆ ಗಡಿಯಾರದ ಮುಳ್ಳಿನ ಹಾಗೆ ಒಂದು ಬಾಲ, ಹಾಸಿಗೆ ಹಿಡಿದ ದಿನ ಹೆಚ್ಚಾದಷ್ಟೂ ಬಾಲ ದಪ್ಪ. ಬಾಲಪ್ಪನದು ಹೆಬ್ಬೆರಳಷ್ಟು ದಪ್ಪ, ಪಾಪ, ಕಾಲಿನಿಂದ ಇಣುಕಿದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುವಾಗ ಅವಸರ ಮಾಡಿ ಹರಿದುಕೊಂಡ, ಅಂದಿನಿಂದ ಕಾಲು ಚಾಚಿಕೊಂಡೇ ಬಿದ್ದಿದ್ದಾನೆ. ಪಟ್ಟಿಯಲ್ಲಿ ಬರಿಯ ಹೆಸರಾಗಿದ್ದವನು ಇಲ್ಲಿ ತನ್ನ ಮನೆಯಲ್ಲೇ ಕೂತು ನರಳುತ್ತಿದ್ದಾನೆ, ಚೆನ್ನಾಗಿ ಬಂದಿದೆ, ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ಮೊದಲ ಹಾಳೆ ಹೀಗಿರಲಿಲ್ಲ, ಅದು ಊರಿಗೆ ಊರೇ ನೀಲಿ. ಈ ಬೇಸಿಗೆಯಲ್ಲಿ ಊರಿನ ಮೆಟ್ಟಿಲ ಬಾವಿ ಕೆಸರಾಗಿ, ಎಲ್ಲರೂ ಕೊಡ ಹಿಡಿದುಕೊಂಡು ಕೇರಿಯವರ ಸೇದುವ ಬಾವಿಗೆ ಬಂದರು, ಬಂದ ಮೇಲೆ ಕಾಲುಗಳಲ್ಲಿ ನಾರು ಎದ್ದಿತು, ಪಟೇಲ ಆದಪ್ಪನವರಿಗೆ ಅಷ್ಟೇ ಸಾಕಾಯಿತು. ಈ ಬಾವಿ ಮುಚ್ಚಿಸಿಬಿಡ್ರಿ ಸಾಹೇಬ್ರ, ಈ ನೀರು ಹೊಟ್ಟ್ಯಾಗ ಬಿದ್ದ ಮ್ಯಾಲೇ ಊರಿಗೆ ಈ ಪೀಡಾ ಗಂಟುಬಿದ್ದೈತಿ. ಕಲ್ಲು ತುಂಬಲು ಬಂಡಿಯೂ ಸಿದ್ಧ. ಕೇರಿಯ ಯಮನೂರಮ್ಮ ಬಾವಿಯ ಕಟ್ಟೆಗೆ ಆತುಕೊಂಡು ನಿಂತುಬಿಟ್ಟಳು, ನಮಗಿರೂದು ಇದೊಂದ ಬಾವಿ, ಇದನ್ನೂ ಮುಚ್ಚಿದ್ರ ನಾವೇನು ಉಸುಕು ಕುಡೀಬೇಕೇನ್ರೀ — ಇವತ್ತು ಸಾಹೇಬರು ಬಂದು ಹೇಳಿದ್ದೇ ಕೊನೆಯ ಮಾತು. ಆದರೆ ಸಾಹೇಬರೇ ಹೋದ ಸಲ ಟಾಂಗಾ ಹತ್ತುವಾಗ ಅಂದಿದ್ದರಲ್ಲ, ಈ ಹುಳ ನೀರಿನ ಕೂಡ ಒಳಗ ಹೋದ್ರ ಹೊರಗ ಬರಾಕ ಒಂದು ವರ್ಷ ಹಿಡೀತೈತಿ. ವರ್ಷ! ಹಾಗಾದರೆ ಈ ವರ್ಷದ ನೀರಿನ ಬಣ್ಣ ಹಚ್ಚಿ ಏನು ಪ್ರಯೋಜನ, ಹೋದ ವರ್ಷದ್ದು ಹಚ್ಚಬೇಕು, ಹಚ್ಚಿದೆ, ಊರೆಲ್ಲ ಕೆಂಪಾಯಿತು, ಬಾಲವಿದ್ದ ಸುತ್ತುಗಳೆಲ್ಲ ಕೆಂಪು, ಎಲ್ಲರೂ ಮೆಟ್ಟಿಲ ಬಾವಿಯವರು, ಹುಣ್ಣಿನ ಕಾಲು ನೀರಿಗಿಟ್ಟು ಕೊಡ ತುಂಬಿ ಅದನ್ನೇ ಕುಡಿದವರು. ಹುಷಾರಾಗಿದ್ದವರನ್ನೂ ಬಿಡಲಿಲ್ಲ, ಕೇರಿಯವರ ನೀಲಿ ಸುತ್ತುಗಳನ್ನೂ ಬರೆದೆ, ಒಂದಕ್ಕೂ ಬಾಲವಿಲ್ಲ. ಹಗ್ಗ ಬಿಟ್ಟು ಸೇದುವ ಬಾವಿಗೆ ಯಾರ ಕಾಲೂ ಇಳಿಯುವುದಿಲ್ಲ. ಪಟೇಲರು ಏನು ಬೇಕಾದರೂ ಅನ್ನಲಿ, ಸಾಹೇಬರಿಗೆ ಹೇಳಿ ಮೆಟ್ಟಿಲ ಬಾವಿಯ ಮೆಟ್ಟಿಲು ಮುಚ್ಚಿಸಿ ಮೇಲೆ ರಾಟೆ ಹಾಕಿಸುತ್ತೇನೆ, ಬಂಡಿಯಲ್ಲಿನ ಕಲ್ಲು ಅದಕ್ಕೇ ಆಗುತ್ತದೆ. ಎಂಥ ತಣ್ಣನೆ ನೀರು ಅದು, ಎಷ್ಟು ಸಿಹಿ, ಒಂದು ಬೊಗಸೆ ಕುಡಿದರೆ — ಬೊಗಸೆ, ಹಸಿರು ಬಳೆಯ ಕೈಗಳ ಬೊಗಸೆ — ಇರಲಿ, ನಮ್ಮ ಮನೆಯೊಂದು ಉಳಿದಿದೆ.

ಅವ್ವನ ಸುತ್ತು ಕೆಂಪು, ಬಾಲವಿಲ್ಲ, ಅವ್ವ ಗಟ್ಟಿಗಿತ್ತಿ. ನನಗೆ ಯಾವ ಬಣ್ಣ? ಕಚೇರಿಯ ಕೆಲಸಕ್ಕೆಂದು ಲಿಂಗಸುಗೂರಿನಲ್ಲೇ ಇದ್ದು ಅಲ್ಲಿನ ನೀರು ಕುಡಿಯುವವನು, ಖಾಲಿ ಬಿಟ್ಟರಾಯಿತು. ಹೆಂಡತಿ ಯಂಕಮ್ಮ ತುರ್ವಿಹಾಳದಿಂದ ಈ ಮನೆಗೆ ಬಂದದ್ದು ಹೋದ ವೈಶಾಖದಲ್ಲಿ, ಬಂದ ಮರುದಿನವೇ ಗಂಗಿಪೂಜೆ, ಹಲಗೆ ಬಡಿಯುತ್ತ ಕರೆದೊಯ್ದು ಹೊಸ ಕೊಡ ಕೊಟ್ಟು ಇಳಿಸಿದರು, ಮೊಣಕಾಲುದ್ದ ನೀರಿನಲ್ಲಿ ನಿಂತು ಅರಿಷಿಣ ಕುಂಕುಮ ಹಾಕಿ, ಮೊದಲ ಬೊಗಸೆ ಗಂಡಗ ಕುಡಸ್ಬೇಕವ್ವ ಅಂದರು ಮುತ್ತೈದೆಯರು, ಅವಳು ನಕ್ಕು ಕೈ ಮೇಲೆತ್ತಿದಳು — ಮೆಟ್ಟಿಲ ಬಾವಿ. ವೈಶಾಖ. ಈಗ ವೈಶಾಖ. ಏನ್ರೀ, ಒಂದೀಟು ಹೊರಗ ಬರ್ರಿ, ಹಿಮ್ಮಡದಾಗ ಬೊಬ್ಬಿ ಎದ್ದು ಬೆಂಕಿ ಇಟ್ಟಂಗ ಉರಿಯಾಕತ್ತೈತಿ. ಅಂಗಳದಿಂದ ಅವಳ ಧ್ವನಿ. ಬಂದ್ನಿ, ಬಂದ್ನಿ ಯಂಕಮ್ಮ, ಕಾಲು ನೀರಾಗ ಇಡಬ್ಯಾಡ, ಕೆರೀಬ್ಯಾಡ — ನನ್ನ ಧ್ವನಿಯೇ ನನಗೆ ಬೇರೆಯವರದಾಗಿ ಕೇಳಿಸಿತು. ಇವಳನ್ನು ಬರೆಯದಿದ್ದರೂ ಹಾಳೆ ಸುಳ್ಳಾಗುವುದಿಲ್ಲ, ಇಷ್ಟು ಕೆಂಪಿನಲ್ಲಿ ಒಂದು ಕಡಿಮೆಯಾದರೆ ಯಾರು ಕೇಳುತ್ತಾರೆ, ಬರೆದರೆ ಸೊಸೆ ತುರ್ವಿಹಾಳದಿಂದಲೇ ಈ ಪೀಡೆ ತಂದಳೆಂದು ಅವ್ವ ಹಳಿಯುತ್ತಾಳೆ, ಹಳಿಯಲಿ, ಕೈಹಿಡಿದು ಹಾಳೆಯ ಮುಂದೆ ಕೂಡಿಸಿ ತೋರಿಸುತ್ತೇನೆ, ಎಲ್ಲಿಂದ ಬಂತೆಂದು ಹಾಳೆಯೇ ಹೇಳುತ್ತದೆ, ನಾನು ಬರೆದದ್ದು ಎಲ್ಲರ ಮನೆಗೂ ಒಂದೇ. ಭಯವಾಗುತ್ತಿದೆ, ಆದರೂ ಕುಂಚ ಎತ್ತಿಕೊಂಡೆ. ಅದ್ದಿದೆ, ತುಂಬಿದೆ, ಯಂಕಮ್ಮ ಕೆಂಪು, ಬಾಲ ವೈಶಾಖಕ್ಕೆ, ದಪ್ಪ ಆಮೇಲೆ ತಿಳಿಯುತ್ತದೆ. ಓಣಿಯಲ್ಲಿ ಟಾಂಗಾದ ಗೆಜ್ಜೆ. ಪಕ್ಕದ ಸುತ್ತು ನನ್ನದು, ಕೆಂಪನ್ನೇ ತುಂಬಬೇಕು, ತುಂಬುತ್ತೇನೆ, ಬಾಲಕ್ಕೆ ಜಾಗ ಬಿಟ್ಟು — ಬೆರಳ ಸಂದಿಯಿಂದ ನೀರು ಸೋರುತ್ತಿದೆ, ಲಗೂ ಕುಡೀರಿ ಅನ್ನುತ್ತಾಳೆ, ಮಂದಿಯೆಲ್ಲ ನಗುತ್ತಾರೆ, ನಾನು ಬಗ್ಗುತ್ತೇನೆ, ಬೊಗಸೆ, ಹಸಿರು ಬಳೆ, ಬೊಗಸೆ, ತುಟಿಗೆ ತಣ್ಣಗೆ ತಾಗಿದ ಆ ಬೊಗಸೆ