ಸಭೆಯನ್ನು ಹುಣ್ಣಿಮೆಗೆ ಇಡಿ

ಮೊಣಕಾಲುದ್ದ ನೀರಿನಲ್ಲಿ ನಿಂತರೂ ಕಾಲ್ಬೆರಳು ಕಾಣುತ್ತಿದ್ದ ಕಾಲವೊಂದಿತ್ತು. ಈಗ ಕೋಬಾರಾ ದಂಡೆಯಲ್ಲಿ ಪಾದ ಮುಳುಗಿದರೆ ಸಾಕು, ಬೆರಳು ಕಣ್ಣಿಗೆ ಬೀಳುತ್ತಿರಲಿಲ್ಲ. ಕೊಡ ಅದ್ದಿದರೆ ನೀರಿನ ಜೊತೆ ಹಸಿರು ಪಾಚಿಯೂ ಕೆನೆಯ ಹಾಗೆ ಬರುತ್ತಿತ್ತು. ಅಮೊಂಡಿ ಅದನ್ನು ಅಂಗೈಯಿಂದ ಆಚೆ ತಳ್ಳಿ, ಸರೋವರಕ್ಕೆ ಬಾಯ್ತುಂಬ ಬೈದು, ಕೊಡ ಹೊತ್ತು ಮನೆಗೆ ನಡೆಯುತ್ತಿದ್ದಳು. ಬೈಗುಳ ತಿಂದೂ ತಿಂದೂ ಸರೋವರವೇನೂ ಶುದ್ಧವಾಗಲಿಲ್ಲ.

ಹೊರಗಿನವರು ವಿಕ್ಟೋರಿಯಾ ಎನ್ನುವ ಆ ಸರೋವರಕ್ಕೆ ಲುವೊ ಜನರ ಬಾಯಲ್ಲಿ ಲೋಲ್ವೆ ಎಂದು ಹೆಸರು. ಅಮೊಂಡಿಯ ಬದುಕೆಲ್ಲ ಅದರ ದಂಡೆಯ ಮೇಲೆಯೇ. ಬೆರಳುದ್ದದ ಬೆಳ್ಳಿಬಣ್ಣದ ಒಮೆನಾ ಮೀನನ್ನು ದೋಣಿಯವರಿಂದ ಕೊಂಡು, ಹೊಳೆ ಬಂದು ಸೇರುವಲ್ಲಿ ಮರಳಿನ ಮೇಲೆ ಹಳೆಯ ಬಲೆ ಹಾಸಿ, ಬಿಸಿಲಿಗೆ ಒಣಗಿಸಿ ಪೇಟೆಗೆ ಕಳಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮರಳು, ಅದೇ ಅತ್ತಿಮರದ ಪಕ್ಕ. ಇಬ್ಬರು ಹೆಣ್ಣುಮಕ್ಕಳು ಓದಿದ್ದು, ಮನೆಗೆ ತಗಡು ಬಿದ್ದದ್ದು, ಎಲ್ಲ ಆ ಮರಳಿನ ಪುಣ್ಯ.

ಒಮೆನಾ ಹಿಡಿಯುವುದು ಕತ್ತಲ ವಾರಗಳಲ್ಲಿ. ದೋಣಿಯ ದೀಪಕ್ಕೆ ಮೀನು ಮುತ್ತಿಕೊಳ್ಳಬೇಕಾದರೆ ಮೇಲೆ ಚಂದ್ರ ಇರಬಾರದು. ಹುಣ್ಣಿಮೆಯ ಆಸುಪಾಸು ಒಂದು ವಾರ ದೋಣಿಗಳು ಮಲಗಿರುತ್ತವೆ, ಬಲೆ ಹೊಲಿಯುವುದು, ನೆಂಟರ ಮನೆಗೆ ಹೋಗುವುದು ಎಲ್ಲ ಆಗ. ಕೋಬಾರಾದಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಗೊತ್ತಿಲ್ಲದವರು ಕೌಂಟಿ ಎಂಬ ಜಿಲ್ಲಾಡಳಿತದ ಕಚೇರಿಯಲ್ಲಿ ಕೂತವರು ಮಾತ್ರ.

ಒಂದು ದಿನ ದಂಡೆಯಲ್ಲಿ ಮೀನು ಮಾರುವ ಚಪ್ಪರದ ಕಂಬಕ್ಕೆ ಕಾಗದ ಅಂಟಿತು. ದಂಡೆಯ ಉದ್ಯಾನ ಮತ್ತು ಸರೋವರದ ನೀರಿನ ಗುಣಮಟ್ಟದ ಬಗ್ಗೆ ಕೌಂಟಿ ಸರ್ಕಾರ ಕರಡು ಯೋಜನೆ ಮಾಡಿದೆ, ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಬಯಲಿನಲ್ಲಿ ಸಭೆ, ಎಲ್ಲರೂ ಬಂದು ಅಭಿಪ್ರಾಯ ಹೇಳಿ ಎಂದು ಬರೆದಿತ್ತು. ದಂಡೆಯ ಸಮಿತಿಯ ಅಧ್ಯಕ್ಷ ಒಬಿಯೆರೊ ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, ತೀರ್ಪು ಕೊಟ್ಟ. ಉದ್ಯಾನ ಎಂದರೆ ಬೇಲಿ. ಬೇಲಿ ಎಂದರೆ ನಾವು ಹೊರಗೆ. ನಮಗೆ ಬೇಡ. ಬೇಡ ಎಂದು ತೋರಿಸಬೇಕಾದರೆ ಒಬ್ಬರೂ ಸಭೆಗೆ ಹೋಗಕೂಡದು.

ಅವನ ಮಾತು ಎಲ್ಲರಿಗೂ ಸರಿ ಎನಿಸಿತು. ಆ ಕಡೆಯ ರೂಢಿಯೇ ಹಾಗೆ. ಮದುವೆಯ ಮಾತುಕತೆಗೆ ಹುಡುಗಿಯ ಕಡೆಯ ಹಿರಿಯ ಬರಲಿಲ್ಲ ಎಂದರೆ ಅವನಿಗೆ ಒಪ್ಪಿಗೆ ಇಲ್ಲ ಎಂದೇ ಅರ್ಥ. ಬಂದವರು ಚಹಾ ಕುಡಿದು ವಾಪಸು ಹೋಗಬೇಕು, ಮಾತು ಅಲ್ಲಿಗೆ ನಿಲ್ಲಬೇಕು. ಕೌಂಟಿಯವರೂ ಹಾಗೆಯೇ ವಾಪಸು ಹೋಗುತ್ತಾರೆ ಎಂದುಕೊಂಡರು.

ಆ ಮಂಗಳವಾರ ಅಮಾವಾಸ್ಯೆಯ ಮಾರನೆಯ ದಿನ. ದಂಡೆಯ ತುಂಬ ಮೀನು. ಹೋಗಬೇಕೆಂದರೂ ಯಾರಿಗೂ ಪುರಸೊತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಶಾಲೆಯ ಬಯಲಿನಲ್ಲಿ ಡೇರೆ ಹಾಕಿ, ನೂರು ಪ್ಲಾಸ್ಟಿಕ್ ಕುರ್ಚಿ ಜೋಡಿಸಿದ್ದರು. ಬಂದವರು ಮೂವರು: ನಿವೃತ್ತ ಮೇಷ್ಟ್ರು, ಪೇಟೆಯ ಹೋಟೆಲ್ ಮಾಲೀಕ, ಮತ್ತೆ ಸೋಡಾ ಕೊಡುತ್ತಾರಂತೆ ಎಂದು ಕೇಳಿಬಂದ ಬೈಕ್ ಬಾಡಿಗೆಯವನು. ಸುದ್ದಿ ಕೇಳಿ ಅಮೊಂಡಿ ಬಲೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೆನ್ನಾಗಿ ಬುದ್ಧಿ ಕಲಿಸಿದೆವು ಎಂದು ಸಂಜೆ ಗಂಡನಿಗೆ ಒಂದು ಮೀನು ಜಾಸ್ತಿಯೇ ಬಡಿಸಿದಳು.

ಆ ನಗು ವಾರ ಕಳೆಯುವುದರೊಳಗೆ ಇಳಿಯಿತು.

ಇಳಿಸಿದವಳು ಅಕೇಯೊ, ಅಮೊಂಡಿಯ ಮೈದುನನ ಹೆಂಡತಿ. ಅಣ್ಣತಮ್ಮಂದಿರ ಹೆಂಡಿರು ಒಬ್ಬರನ್ನೊಬ್ಬರು ಸವತಿ ಎಂದು ಕರೆಯುವುದು ಅಲ್ಲಿನ ತಮಾಷೆ, ಇವರಿಬ್ಬರಂತೂ ಬೇರೆ ಹೆಸರನ್ನೇ ಮರೆತಿದ್ದರು. ಅಕೇಯೊ ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ನೀರು ಶುದ್ಧ ಮಾಡುವ ಮದ್ದು ಹಂಚುತ್ತಾಳೆ, ಭೇದಿಯಾದ ಮಕ್ಕಳನ್ನು ದವಾಖಾನೆಗೆ ಸಾಗಿಸುತ್ತಾಳೆ. ಸಭೆಯ ದಿನ ಲಸಿಕೆಯ ಕೆಲಸದಲ್ಲಿ ಇನ್ನೊಂದು ಊರಿನಲ್ಲಿದ್ದಳು. ಬಂದವಳೇ ವಾರ್ಡ್ ಕಚೇರಿಗೆ ಹೋಗಿ ಸಭೆಯ ನಡಾವಳಿ ಮತ್ತು ನಕ್ಷೆಯ ಪ್ರತಿ ಕೇಳಿ ತಂದಿದ್ದಳು.

"ಸವತಿ, ಕೈ ಒರೆಸ್ಕೊಂಡು ಬಾ. ಒಂದು ತಮಾಷೆ ತೋರಿಸ್ತೀನಿ" ಎಂದಳು.

ನಡಾವಳಿಯ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. ಹಾಜರಾತಿ ಮೂರು. ದಂಡೆಯ ನಿವಾಸಿಗಳಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ.

"ಬಂದಿಲ್ಲ ಅಂದ್ರೆ? ನಾವ್ಯಾರೂ ಹೋಗ್ಲೇ ಇಲ್ವಲ್ಲ, ಅದೇ ಆಕ್ಷೇಪಣೆ."

"ಅದು ನಿಮ್ಮ ಅಪ್ಪನ ಮನೇಲಿ. ಕಚೇರಿಯಲ್ಲಿ ಹೋಗದೆ ಇದ್ರೆ ಒಪ್ಪಿಗೆ ಅಂತ ಅರ್ಥ. ಖಾಲಿ ಕುರ್ಚಿ ಬಾಯಿ ಬಿಟ್ಟು ಬೇಡ ಅನ್ನುತ್ತಾ?"

ಆಮೇಲೆ ನಕ್ಷೆ ಬಿಡಿಸಿದಳು. ಅಮೊಂಡಿಗೆ ಅದು ಮಕ್ಕಳು ಗೀಚಿದ ಹಾಗೆ ಕಂಡಿತು. ಅಕೇಯೊ ತಾಳ್ಮೆಯಿಂದ ಒಂದೊಂದೇ ತೋರಿಸಿದಳು: ಇದು ಹೊಳೆ, ಇದು ಶಾಲೆ, ಈ ಚುಕ್ಕೆ ನಿನ್ನ ಅತ್ತಿಮರ. ಈ ಕೆಂಪು ಗೆರೆ ಬೇಲಿ. ಗೆರೆ ಅತ್ತಿಮರದ ಹಿಂದಿನಿಂದ ಹೊರಟು ದಂಡೆಯ ಆಚೆ ತುದಿಯ ಬಂಡೆಯವರೆಗೆ ಹೋಗಿತ್ತು. ನಡುವೆ ಮೀನು ಒಣಗಿಸುವ ಜಾಗವಿಡೀ ಬೇಲಿಯ ಒಳಗೆ. ಅದರ ಮೇಲೆ ಎರಡೇ ಮಾತು ಬರೆದಿತ್ತು, ಖಾಲಿ ಮರಳು.

ಅಮೊಂಡಿ ಆ ಎರಡು ಮಾತನ್ನು ಇನ್ನೊಮ್ಮೆ ಓದಿಸಿ ಕೇಳಿದಳು. ಇಪ್ಪತ್ತೆರಡು ವರ್ಷ ಬೆನ್ನು ಬಗ್ಗಿಸಿದ ಜಾಗ ಖಾಲಿಯಂತೆ. ಹಾಗಾದರೆ ತಾನು ಯಾರು ಅಲ್ಲಿ? ಕೊಕ್ಕರೆಯೇ? ಮೊದಲು ಕೌಂಟಿಯವರಿಗೆ ಬೈದಳು, ಆಮೇಲೆ ಒಬಿಯೆರೊಗೆ, ಆಮೇಲೆ ಕಾಗದ ತಂದ ತಪ್ಪಿಗೆ ಅಕೇಯೊಗೆ. ಬೈದು ಮುಗಿದ ಮೇಲೆ ಕಣ್ಣಲ್ಲಿ ನೀರು ಬಂತು.

"ಅಳೋದಕ್ಕೆ ಇನ್ನೂ ಟೈಮಿದೆ. ಇದು ಕರಡು, ಮುಗಿದ ಮಾತಲ್ಲ. ಬರವಣಿಗೆಯಲ್ಲಿ ಹೇಳೋದಕ್ಕೆ ಹದಿನೆಂಟು ದಿನ ಕೊಟ್ಟಿದ್ದಾರೆ. ಇನ್ನೊಂದು ಸಭೆ ಕೇಳೋದಕ್ಕೂ ದಾರಿ ಇದೆ" ಎಂದಳು ಅಕೇಯೊ.

"ಅವ್ರು ಕೇಳ್ತಾರಾ ನಮ್ಮಂಥೋರ ಮಾತು? ಎಲ್ಲ ಮೊದ್ಲೇ ತೀರ್ಮಾನ ಆಗಿರುತ್ತೆ."

"ಕೇಳದೆ ಇದ್ರೆ ನೀನು ಕಳ್ಕೊಳ್ಳೋದು ಒಂದು ಬೆಳಿಗ್ಗೆ. ಹೋಗದೆ ಇದ್ರೆ ಕಳ್ಕೊಳ್ಳೋದು ಈ ಮರಳು. ಲೆಕ್ಕ ನೀನೇ ಹಾಕು."

ಅಮೊಂಡಿ ಕಣ್ಣೊರೆಸಿಕೊಂಡು ನಕ್ಷೆಯನ್ನು ಹತ್ತಿರ ಎಳೆದುಕೊಂಡಳು. ಆದರೆ ಅಕೇಯೊ ಇನ್ನೂ ಒಂದು ಮಾತು ಬಾಕಿ ಇಟ್ಟುಕೊಂಡಿದ್ದಳು. ಯೋಜನೆ ಪೂರ್ತಿ ಕೆಟ್ಟದ್ದಲ್ಲ, ಹೊಳೆಯ ಬಾಯಿಗೆ ಮತ್ತೆ ಜೊಂಡು ನೆಡಬೇಕು ಎಂದು ಅದರಲ್ಲಿದೆ, ಅದು ತನಗೂ ಬೇಕು ಎಂದಳು. ಪೇಟೆಯ ಬಚ್ಚಲು, ಹೊಲದ ಗೊಬ್ಬರ, ಮೇಲಿನ ಊರಿನ ಕಕ್ಕಸು, ಎಲ್ಲ ಆ ಹೊಳೆಯಲ್ಲೇ ಹರಿದು ಬರುತ್ತದೆ. ಜೊಂಡಿನ ಬೇರು ಅದನ್ನು ಚಹಾದ ಜಾಲರಿ ಸೊಪ್ಪು ಹಿಡಿದಂತೆ ಹಿಡಿದು ನೀರನ್ನು ಮಾತ್ರ ಮುಂದೆ ಬಿಡುತ್ತದೆ. ಜೊಂಡು ಇಲ್ಲವಾದ ವರ್ಷದಿಂದಲೇ ನೀರು ಹಸಿರಾದದ್ದು, ಮಕ್ಕಳ ಹೊಟ್ಟೆ ಕೆಟ್ಟದ್ದು.

ಜೊಂಡನ್ನು ಕಡಿದವರು ಯಾರು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮೂರು ವರ್ಷದ ಹಿಂದೆ, ಬಲೆ ಹಾಸಲು ಜಾಗ ಸಾಲದು ಎಂದು ಮಚ್ಚು ಹಿಡಿದು ಹೆಂಗಸರನ್ನು ಕರೆದುಕೊಂಡು ಹೊರಟವಳು ಅಮೊಂಡಿಯೇ. ಕಡಿದ ಜೊಂಡಿನಲ್ಲಿ ಚಾಪೆ ಹೆಣೆದು, ಒಂದನ್ನು ಅಕೇಯೊಗೇ ಉಡುಗೊರೆ ಕೊಟ್ಟಿದ್ದಳು.

ಮಾರನೆಯ ದಿನ ಮಹಿಳಾ ಗುಂಪಿನಲ್ಲಿ ಅರ್ಜಿ ಬರೆದರು. ಅಕೇಯೊ ಬರೆದಳು, ಅಮೊಂಡಿ ಹೇಳಿದಳು. ಮೊದಲ ಸಾಲೇ ಹೀಗಿತ್ತು: ಸಭೆಯನ್ನು ಹುಣ್ಣಿಮೆಗೆ ಇಡಿ, ಆ ವಾರ ದೋಣಿ ಹೋಗುವುದಿಲ್ಲ, ನಾವು ಬರುತ್ತೇವೆ. ಐವತ್ತೆಂಟು ಜನ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಒಬಿಯೆರೊ ಮಾತ್ರ ಕೈಕಟ್ಟಿ ಕೂತ. ಬೇಡ ಎಂದ ಮನೆಗೆ ತಾವಾಗಿ ಹೋಗುವುದೆಂದರೆ ಮರ್ಯಾದೆ ಕಳೆದುಕೊಂಡಂತೆ ಎಂದು ಗೊಣಗಿದ. ಅಮೊಂಡಿ ಅವನಿಗೆ ಕುಡಿಯಲು ಗಂಜಿ ಕೊಟ್ಟಳು, ವಾದ ಮಾಡಲಿಲ್ಲ.

ಹತ್ತು ದಿನ ಸದ್ದಿಲ್ಲ. ಅಮೊಂಡಿ ದಿನಾ ಅಕೇಯೊಳ ಕಾಲೆಳೆದಳು: ನಿನ್ನ ಕಚೇರಿ ಸತ್ತಿದೆಯೋ ಬದುಕಿದೆಯೋ ಎಂದು. ಹನ್ನೊಂದನೆಯ ದಿನ ಚಪ್ಪರದ ಕಂಬಕ್ಕೆ ಹೊಸ ಕಾಗದ ಬಿತ್ತು. ಎರಡನೆಯ ಸಭೆ, ಬರುವ ತಿಂಗಳ ಒಂದು ಗುರುವಾರ, ಮೀನಿನ ಚಪ್ಪರದ ಕೆಳಗೇ. ಆ ಗುರುವಾರ ಹುಣ್ಣಿಮೆ.

ಈ ಸಲ ಕುರ್ಚಿ ಸಾಲಲಿಲ್ಲ. ಹೆಂಗಸರು ಮನೆಯಿಂದ ಮಣೆ ತಂದು ಕೂತರು. ಕೌಂಟಿಯ ಯೋಜನಾ ಅಧಿಕಾರಿ ಒಗ್ವೆನೊ ಇನ್ನೂ ಸಣ್ಣ ವಯಸ್ಸಿನವನು, ಶರ್ಟಿನ ತೋಳು ಮಡಿಸಿಕೊಂಡು ನಕ್ಷೆಯನ್ನು ಕಂಬಕ್ಕೆ ಕಟ್ಟಿದ. ಯಾರು ಮೊದಲು ಮಾತಾಡುತ್ತೀರಿ ಎಂದ. ಎಲ್ಲರೂ ಅಮೊಂಡಿಯ ಕಡೆ ತಿರುಗಿದರು. ಅವಳು ಮಣೆ ಪಕ್ಕಕ್ಕೆ ಸರಿಸಿ ಎದ್ದಳು.

"ಮಗಾ, ಈ ಜಾಗ ಅಳೆಯೋಕೆ ನೀನು ಯಾವತ್ತು ಬಂದಿದ್ದೆ?"

ಅವನು ಪುಸ್ತಕ ತಿರುವಿ ತಾರೀಖು ಹೇಳಿದ. ಹೆಂಗಸರು ಬೆರಳು ಮಡಿಸಿ ಎಣಿಸಿದರು. ಆಮೇಲೆ ಒಬ್ಬೊಬ್ಬರಾಗಿ ನಗತೊಡಗಿದರು. ಅವನು ಅಳತೆಗೆ ಬಂದದ್ದು ಹುಣ್ಣಿಮೆಯ ವಾರ. ದಂಡೆಯಲ್ಲಿ ಒಂದು ಬಲೆಯೂ ಇರಲಿಲ್ಲ.

"ನಾವು ಇಲ್ಲದಾಗ ನೋಡೋಕೆ ಬಂದೆ, ಕೆಲಸದಲ್ಲಿದ್ದಾಗ ಮಾತಾಡೋಕೆ ಕರೆದೆ. ಅದಕ್ಕೇ ನಿನ್ನ ಕಾಗದದಲ್ಲಿ ನಾವಿಲ್ಲ" ಎಂದಳು ಅಮೊಂಡಿ. "ನಿಂದೊಬ್ಬನದೇ ತಪ್ಪು ಅಂತ ನಾನು ಹೇಳೋದಿಲ್ಲ. ಹೋದ ಸಲ ನಾವೂ ಬೇಕಂತಲೇ ಬರಲಿಲ್ಲ. ಇನ್ನೊಂದು ಹೇಳಿಬಿಡ್ತೀನಿ. ಹೊಳೆ ಬಾಯಿನ ಜೊಂಡು ಕಡಿಸಿದ್ದು ನಾನೇ. ನೀರು ಕೆಟ್ಟಿದ್ದು ಅದರಿಂದ ಅಂತ ಈಗ ಗೊತ್ತಾಗಿದೆ. ನಾವೇ ವಾಪಸು ನೆಡ್ತೀವಿ. ಆದ್ರೆ ಅತ್ತಿಮರದಿಂದ ಬಂಡೆವರೆಗೆ ನಮ್ಮ ಅನ್ನ ಇದೆ, ಅದನ್ನ ಬೇಲಿಯಿಂದ ಆಚೆ ಬಿಡು."

ಒಗ್ವೆನೊ ಪೆನ್ನು ತೆಗೆದು ಕೇಳಿದ: ಜೊಂಡಿಗೆ ಹೊಳೆಯ ಬಾಯಿ ಪೂರ್ತಿ ಬೇಕು, ಮೀನಿಗೆ ಮರಳು ಬೇಕು, ಎರಡಕ್ಕೂ ಜಾಗ ಹೇಗೆ? ಮೀನನ್ನು ನೆಲದ ಮೇಲೆ ಹಾಸುವ ಬದಲು ಕಂಬ ನೆಟ್ಟು ಸೊಂಟದೆತ್ತರಕ್ಕೆ ಅಟ್ಟ ಕಟ್ಟಿದರೆ ಅರ್ಧ ಜಾಗ ಸಾಕು ಎಂದು ಅಕೇಯೊ ಹೇಳಿದಳು, ಬೇರೆ ದಂಡೆಯಲ್ಲಿ ನೋಡಿಬಂದಿದ್ದಳು. ಆಗ ಹಿಂದಿನಿಂದ ಕೆಮ್ಮು ಕೇಳಿಸಿತು. ಒಬಿಯೆರೊ ಯಾವಾಗಲೋ ಬಂದು ಕಂಬಕ್ಕೆ ಒರಗಿ ನಿಂತಿದ್ದ. ದೋಣಿ ಎಳೆಯಲು ಬೇಲಿಗೆ ಬಾಗಿಲು ಇಡಬೇಕು, ಅದಕ್ಕೆ ಬೀಗ ಇರಕೂಡದು, ಬರೆದುಕೊಳ್ಳಿ ಎಂದ. ಅಮೊಂಡಿ ತಿರುಗಿ ನೋಡಿದಳು. ಅವನು ಆಕಾಶ ನೋಡಿದ.

ಸಭೆ ಮಧ್ಯಾಹ್ನದವರೆಗೂ ನಡೆಯಿತು. ಹಾಜರಾತಿ ನೂರ ಹನ್ನೆರಡು ಎಂದು ನಡಾವಳಿಯಲ್ಲಿ ಬಂತು.

ಇದೆಲ್ಲ ನಡೆದು ಎರಡು ಮಳೆಗಾಲ ಕಳೆದಿವೆ. ಹೊಳೆಯ ಬಾಯಲ್ಲಿ ಜೊಂಡು ತಲೆಯೆತ್ತರ ಬೆಳೆದು, ಅದರ ಮೇಲೆ ಗೀಜಗ ಗೂಡು ಕಟ್ಟಿದೆ. ಭಾನುವಾರ ಪೇಟೆಯವರು ಮಕ್ಕಳನ್ನು ಕರೆದುಕೊಂಡು ಉದ್ಯಾನಕ್ಕೆ ಬರುತ್ತಾರೆ, ಹೋಗುವಾಗ ಒಮೆನಾ ಕೊಂಡುಹೋಗುತ್ತಾರೆ. ಅಟ್ಟದ ಮೇಲಿನ ಮೀನಿಗೆ ಮರಳು ಹತ್ತುವುದಿಲ್ಲ, ಮೇಕೆಗೆ ಬಾಯಿ ಎಟುಕುವುದಿಲ್ಲ, ಅಮೊಂಡಿಯ ಸೊಂಟನೋವೂ ಕಡಿಮೆಯಾಗಿದೆ. ನೀರು ಮೊದಲಿನಂತೆ ಆಗಲು ಇನ್ನೂ ವರ್ಷಗಳು ಬೇಕು, ಕುಡಿಯುವ ನೀರಿಗೆ ಅಕೇಯೊ ಈಗಲೂ ಮದ್ದು ಹಾಕಿಸುತ್ತಾಳೆ. ಆದರೂ ಮೊನ್ನೆ ಒಂದು ಬೆಳಿಗ್ಗೆ ಅಮೊಂಡಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕೂಗಿ ಕರೆದಳು.

"ಸವತಿ, ಬಾ ಇಲ್ಲಿ. ಬೆರಳು ಕಾಣ್ತಾ ಇದೆ."

"ಹತ್ತೂ ಇದ್ಯಾ?"

"ಎಣಿಸ್ತಾ ಇದೀನಿ, ಇರು."

ಹೊಸ ನಕ್ಷೆ ಈಗ ಚಪ್ಪರದ ಕಂಬದಲ್ಲಿದೆ. ಕೆಂಪು ಗೆರೆ ಅತ್ತಿಮರದ ಹತ್ತಿರ ಬಂದು, ಯಾರಿಗೋ ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿದು ಹೋಗುತ್ತದೆ. ಖಾಲಿ ಮರಳು ಎಂದಿದ್ದ ಕಡೆ ಈಗ ಒಮೆನಾ ಒಣಗಿಸುವವರ ಜಾಗ ಎಂದಿದೆ. ಅಮೊಂಡಿಗೆ ಓದಲು ಅಷ್ಟಾಗಿ ಬಾರದು, ಆದರೆ ಆ ಅಕ್ಷರ ಎಲ್ಲಿವೆ ಎಂದು ಗೊತ್ತು. ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾಳೆ, ತೋರಿಸಿ ತೋರಿಸಿ ಅಲ್ಲಿ ಕಾಗದ ಮಾಸಿದೆ.

ಓದುವ ಅಕ್ಕ, ಅಣ್ಣ, ನಿಮ್ಮೂರಿನಲ್ಲೂ ಒಂದು ಕೆರೆಯೋ ಹೊಳೆಯೋ ಇದೆ. ಅದರ ಬಗ್ಗೆ ಎಲ್ಲೋ ಒಂದು ಗೋಡೆಗೆ ಒಂದು ಕಾಗದ ಅಂಟಿರಬಹುದು. ನಿಂತು ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ನಕ್ಷೆ ತರಿಸಿ, ನಿಮ್ಮ ಜಾಗಕ್ಕೆ ಏನು ಹೆಸರಿಟ್ಟಿದ್ದಾರೆ ನೋಡಿ. ಸಭೆಯ ಹೊತ್ತು ನಿಮ್ಮ ಕೆಲಸದ ಹೊತ್ತಾದರೆ ಬದಲಾಯಿಸಿ ಎಂದು ಬರೆದು ಕೇಳಿ. ಬೇಕು ಎನ್ನುವವರೂ ಹೋಗಿ, ಬೇಡ ಎನ್ನುವವರು ಮೊದಲು ಹೋಗಿ. ನೀವು ಕೂರದೆ ಬಿಟ್ಟ ಕುರ್ಚಿಯನ್ನು ಕಚೇರಿಯವರು ನಿಮ್ಮ ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ.